ಮಾತು ಬಾರದ ಮಗು ‘ಒಲ್ಲೆ’ ಎಂದಾಗ

ಹೊಲದ ಮಾತನ್ನೇ ಬರೆಯುತ್ತಿದ್ದ ನಾನು ಈ ಸಲ ಮನೆಯ ಮಾತೊಂದನ್ನು ಬರೆಯುತ್ತಿದ್ದೇನೆ.

ಕಾಂಪೋಸ್ಟು ಗುಂಡಿ ನೋಡಲು ಹೋದ ಮನೆಯೊಂದರಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನನ್ನು ಕಂಡೆ. ಆಟಿಸಂ ಇರುವ ಮಗು, ಮಾತಿಲ್ಲ. ‘ಅಂಗಿ ಹಾಕಿಕೊಳ್ಳೋ, ಶಾಲೆಗೆ ಹೊತ್ತಾಯಿತು’ ಎಂದು ತಾಯಿ ಹೇಳಿದೊಡನೆ ನೆಲಕ್ಕೆ ಬಿದ್ದು ಕೈ ಕಚ್ಚಿಕೊಂಡ. ‘ಹೊಡೆದರೂ ಅಷ್ಟೇ, ಮುದ್ದು ಮಾಡಿದರೂ ಅಷ್ಟೇ ಸ್ವಾಮಿ. ಮನೆಯಲ್ಲೇ ಇಟ್ಟುಕೊಳ್ಳಿ ಅಂತ ಶಾಲೆಯವರೂ ಹೇಳಿಬಿಟ್ಟರು’ ಎಂದು ಆಕೆ ಕಣ್ಣೊರೆಸಿಕೊಂಡರು. ಹಟಕ್ಕೆ ಏಟೇ ಮದ್ದೆಂದು ನಾನೂ ಹೇಳಿ ಬಂದೆ. ಹಾಗೆ ಹೇಳಿದ್ದು ತಪ್ಪು. ಆಮೇಲೆ ತಿಳಿದವರನ್ನು ಕೇಳಿ ಕಲಿತುದನ್ನು ಇಲ್ಲಿ ಬರೆದಿದ್ದೇನೆ.

ಇದು ಹಟವಲ್ಲ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ನ್ಯೂಸನ್ ಎಂಬವರು 1980ರ ದಶಕದಲ್ಲಿ ಇಂಥ ಮಕ್ಕಳ ನಡತೆಯನ್ನು ಗುರುತಿಸಿದರು. ಯಾರಾದರೂ ಏನನ್ನಾದರೂ ಮಾಡೆಂದರೆ ಸಾಕು, ಈ ಮಕ್ಕಳು ಹೇಗಾದರೂ ತಪ್ಪಿಸಿಕೊಳ್ಳಲು ನೋಡುತ್ತಾರೆ. ತಮಗೆ ಇಷ್ಟವಾದ ಕೆಲಸವನ್ನೂ ಒಲ್ಲೆ ಎನ್ನುವುದುಂಟು. ಅಪ್ಪಣೆ ಕೇಳಿದೊಡನೆ ತನ್ನ ಹಿಡಿತ ತಪ್ಪಿತೆಂಬ ಹೆದರಿಕೆ ಅವರಲ್ಲಿ ಏಳುತ್ತದೆ. ಹೊಸ ಹೋರಿಗೆ ಒಮ್ಮೆಗೇ ನೊಗ ಹೇರಿ ಬಾರುಕೋಲು ಎತ್ತಿದರೆ ಏನಾಗುತ್ತದೆಂದು ನೀವು ಬಲ್ಲಿರಿ. ಮಗು ಹೋರಿಯಲ್ಲ, ಆದರೆ ಹೆದರಿದ ಜೀವಕ್ಕೆ ಬುದ್ಧಿಮಾತು ಹಿಡಿಸುವುದಿಲ್ಲವೆಂಬುದು ಎರಡು ಕಡೆಯೂ ನಿಜ.

ಮಾಡಬೇಕಾದುದು

1. ಅಪ್ಪಣೆಗಳನ್ನು ಕಡಿಮೆ ಮಾಡಿರಿ. ಬಾವಿ, ಬೆಂಕಿ, ರಸ್ತೆ, ಔಷಧಿ ಇವುಗಳ ವಿಷಯದಲ್ಲಿ ಬಿಗಿಯಾಗಿರಿ. ಉಳಿದವುಗಳಲ್ಲಿ ಆ ದಿನಕ್ಕೆ ಬಿಡಬಹುದಾದುದನ್ನು ಬಿಟ್ಟುಬಿಡಿರಿ.

2. ‘ಅಂಗಿ ಹಾಕಿಕೋ’ ಎನ್ನುವ ಬದಲು ‘ಅಂಗಿ ಇಲ್ಲಿದೆ’ ಎಂದು ಹೇಳಿ, ನಿಮ್ಮ ಕೆಲಸಕ್ಕೆ ಹೋಗಿರಿ. ಎದುರು ನಿಂತು ಕಾಯಬೇಡಿರಿ.

3. ಎರಡು ಅಂಗಿ ತೋರಿಸಿರಿ. ಬೆರಳಿನಿಂದಲೋ ಕಣ್ಣಿನಿಂದಲೋ ಅವನೇ ಆರಿಸಲಿ. ಮಾತು ಬಾರದವನಿಗೆ ತಿಳಿವಳಿಕೆಯೂ ಇಲ್ಲವೆಂದು ಎಣಿಸಬಾರದು.

4. ‘ಬೇಡ’, ‘ಸಾಕು’, ‘ಆಮೇಲೆ’ ಎನ್ನಲು ರಟ್ಟಿನ ಚೂರುಗಳ ಮೇಲೆ ಚಿತ್ರ ಬರೆದುಕೊಡಿರಿ. ಇದೇ ಮುಖ್ಯ. ಅವನು ‘ಸಾಕು’ ತೋರಿಸಿದರೆ ಕೂಡಲೇ ನಿಲ್ಲಿಸಿರಿ. ಚಿತ್ರಕ್ಕೆ ಬೆಲೆ ಉಂಟೆಂದು ತಿಳಿದರೆ ಕಚ್ಚುವ, ಕಿರಿಚುವ ಅಗತ್ಯ ಕಡಿಮೆಯಾಗುತ್ತದೆ.

5. ಒಮ್ಮೆ ಹೇಳಿ ಸುಮ್ಮನಿರಿ. ಮೇಲಿಂದ ಮೇಲೆ ಹೇಳಿದಷ್ಟೂ ಒತ್ತಡ ಏರುತ್ತದೆ. ಬಹುಮಾನದ ಆಸೆ, ಅತಿಯಾದ ಹೊಗಳಿಕೆ ಕೂಡ ಕೆಲವರಿಗೆ ಒತ್ತಡವೇ.

6. ರಂಪ ಏರಿದಾಗ ಮಾತು ನಿಲ್ಲಿಸಿ, ಸುತ್ತಲಿನ ಜನರನ್ನು ಕಳುಹಿಸಿ, ಪೆಟ್ಟಾಗದಂತೆ ನೋಡಿಕೊಳ್ಳಿರಿ. ಹೊಡೆಯಬೇಡಿರಿ, ಕಟ್ಟಿಹಾಕಬೇಡಿರಿ.

ಒಮ್ಮಿಂದೊಮ್ಮೆಗೆ ನಡತೆ ಕೆಟ್ಟರೆ ಹಲ್ಲುನೋವು, ಕಿವಿನೋವು, ಮಲಬದ್ಧತೆ ಇದ್ದೀತು. ಹೇಳಲು ಮಾತಿಲ್ಲದ ಮಗುವನ್ನು ಮೊದಲು ವೈದ್ಯರಿಗೆ ತೋರಿಸಿರಿ.

ಶಾಲೆಯ ಹಕ್ಕು

ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಹೆಸರಿಸಿದ 21 ವಿಕಲತೆಗಳಲ್ಲಿ ಆಟಿಸಂ ಒಂದು. ಶೇಕಡಾ 40 ಅಥವಾ ಹೆಚ್ಚು ವಿಕಲತೆಯ ಪ್ರಮಾಣಪತ್ರವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ, ಇಲ್ಲವೆ ತಾನು ಬಯಸಿದ ವಿಶೇಷ ಶಾಲೆಯಲ್ಲಿ, ಉಚಿತ ಶಿಕ್ಷಣದ ಹಕ್ಕುಂಟು. ಮನೆಯಲ್ಲೇ ಇಟ್ಟುಕೊಳ್ಳಿ ಎಂದರೆ ಒಪ್ಪಬೇಕಾಗಿಲ್ಲ. ಪ್ರಮಾಣಪತ್ರಕ್ಕೆ ಆಶಾ ಕಾರ್ಯಕರ್ತೆಯನ್ನೋ ಸರ್ಕಾರಿ ಆಸ್ಪತ್ರೆಯನ್ನೋ ವಿಚಾರಿಸಿರಿ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ವಾಕ್ ಶ್ರವಣ ಸಂಸ್ಥೆ ಹಾಗೂ ಬೆಂಗಳೂರಿನ ನಿಮ್ಹಾನ್ಸ್ ಇಂಥ ಮಕ್ಕಳನ್ನು ಪರೀಕ್ಷಿಸುತ್ತವೆ. ಮೇಲಿನ ಆರು ಮಾತುಗಳನ್ನು ಉಪಾಧ್ಯಾಯರಿಗೂ ತಿಳಿಸಿರಿ. ಮನೆಯಲ್ಲೊಂದು ರೀತಿ, ಶಾಲೆಯಲ್ಲೊಂದು ರೀತಿ ಆದರೆ ಮಗು ಕಂಗೆಡುತ್ತದೆ.

ಆ ತಾಯಿಯ ಬಳಿ ಹೋಗಿ ನನ್ನ ತಪ್ಪನ್ನು ಒಪ್ಪಿಕೊಂಡು ಇವನ್ನು ಹೇಳಿದೆ. ನಾಲ್ಕು ತಿಂಗಳಾಯಿತು. ಎಲ್ಲವೂ ಸರಿಹೋಗಿಲ್ಲ, ಕೆಟ್ಟ ದಿನಗಳು ಇನ್ನೂ ಇವೆ. ಆದರೆ ಕೈಯ ಗಾಯಗಳು ಮಾಗಿವೆ. ಮೊನ್ನೆ ಗುಂಡಿಗೆ ಸೊಪ್ಪು ಹಾಕುತ್ತಿದ್ದಾಗ, ಯಾರೂ ಕರೆಯದೆ ತಾನೇ ಬಂದು ಒಂದು ಬುಟ್ಟಿ ಸುರಿದು ಹೋದ. ನಾವು ಯಾರೂ ಮಾತಾಡಲಿಲ್ಲ.

ನಿಮ್ಮ ಊರಿನಲ್ಲಿ ಇಂಥ ಮಗುವಿದ್ದರೆ ಶಾಪವೆಂದೂ ಸೊಕ್ಕೆಂದೂ ಆಡಿಕೊಳ್ಳಬೇಡಿರಿ. ಈ ಹಾಳೆಯನ್ನು ಆ ಮನೆಯವರಿಗೆ ಓದಿ ಹೇಳಿರಿ.