ಕೃತಕ ರಕ್ತನಾಳಗಳ ಸುರಕ್ಷತಾ ಮಾನಕಗಳು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಮಹಾಪಧಮನಿಯು ಹಿಗ್ಗಿ ಒಡೆಯುವ ಸಂಭವವಿದ್ದಾಗ, ಕಾಲಿನ ಅಪಧಮನಿಗಳು ಮುಚ್ಚಿಹೋದಾಗ ಹಾಗೂ ಡಯಾಲಿಸಿಸ್‌ಗೆ ರೋಗಿಯ ಸ್ವಂತ ರಕ್ತನಾಳಗಳು ಸೂಕ್ತವಾಗಿಲ್ಲದಿದ್ದಾಗ ಶಸ್ತ್ರವೈದ್ಯರು ಕೃತಕ ರಕ್ತನಾಳವನ್ನು ಜೋಡಿಸುತ್ತಾರೆ. ಇದಕ್ಕೆ ಗ್ರಾಫ್ಟ್ ಎಂದು ಹೆಸರು. ಒಮ್ಮೆ ಜೋಡಿಸಿದ ಗ್ರಾಫ್ಟನ್ನು ಹೊರತೆಗೆಯಲು ಮತ್ತೊಂದು ಕ್ಲಿಷ್ಟ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಆದುದರಿಂದ ಅದರ ದೋಷಗಳು ದೇಹವನ್ನು ಸೇರುವ ಮುನ್ನ ಪ್ರಯೋಗಾಲಯದಲ್ಲಿಯೇ ಪತ್ತೆಯಾಗಬೇಕು. ಸುರಕ್ಷತಾ ಮಾನಕಗಳ ಮುಖ್ಯ ಉದ್ದೇಶ ಇದೇ ಆಗಿದೆ.

ಹಿನ್ನೆಲೆ

ಅಮೆರಿಕದ ಶಸ್ತ್ರವೈದ್ಯ ಆರ್ಥರ್ ವೂರ್ಹೀಸ್ ಮತ್ತು ಸಹೋದ್ಯೋಗಿಗಳು ವಿನ್ಯಾನ್-ಎನ್ ಎಂಬ ಕೃತಕ ಬಟ್ಟೆಯ ಕೊಳವೆಯನ್ನು ನಾಯಿಗಳಲ್ಲಿ ಪ್ರಯೋಗಿಸಿ 1952ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತರುವಾಯ ಬಳಸಿದ ನೈಲಾನ್ ದೇಹದೊಳಗೆ ಕ್ರಮೇಣ ಬಲ ಕಳೆದುಕೊಂಡಿತು. ಪಾಲಿಯೆಸ್ಟರ್ ಬಾಳಿಕೆ ಬಂದಿತಾದರೂ, ಹೆಣಿಗೆಯ ಕೆಲವು ಗ್ರಾಫ್ಟ್‌ಗಳು ಕಾಲಾಂತರದಲ್ಲಿ ಹಿಗ್ಗಿದ ಪ್ರಕರಣಗಳು ವರದಿಯಾದವು. ಯಾವ ಗುಣಗಳನ್ನು ಅಳೆಯಬೇಕೆಂಬುದು ಇಂತಹ ಅನುಭವಗಳಿಂದ ಸ್ಪಷ್ಟವಾಯಿತು. ಈ ವಿಷಯದ ಅಂತಾರಾಷ್ಟ್ರೀಯ ಮಾನಕವಾದ ಐಎಸ್ಒ 7198, 1998ರಲ್ಲಿ ಪ್ರಕಟಗೊಂಡು 2016ರಲ್ಲಿ ಪರಿಷ್ಕೃತವಾಯಿತು.

ಪ್ರಮುಖ ಪರೀಕ್ಷೆಗಳು

1. ಸೋರಿಕೆ: 120 ಮಿ.ಮೀ. ಪಾದರಸದ ಒತ್ತಡದಲ್ಲಿ ಗ್ರಾಫ್ಟ್‌ನ ಗೋಡೆಯ ಪ್ರತಿ ಚದರ ಸೆಂ.ಮೀ.ನಿಂದ ಒಂದು ನಿಮಿಷದಲ್ಲಿ ಸೋರುವ ನೀರನ್ನು ಅಳೆಯಲಾಗುತ್ತದೆ.
2. ಬಲ: ಎಷ್ಟು ಒತ್ತಡಕ್ಕೆ ಗೋಡೆ ಒಡೆಯುತ್ತದೆ, ಅಂಚಿನಲ್ಲಿ ಹಾಕಿದ ಹೊಲಿಗೆಯನ್ನು ಎಷ್ಟು ಬಲದಿಂದ ಎಳೆದರೆ ಕಿತ್ತುಬರುತ್ತದೆ ಎಂಬುದನ್ನು ನೋಡಲಾಗುತ್ತದೆ.
3. ಬಾಗುವಿಕೆ: ಕೊಳವೆಯು ಮಡಚಿಕೊಳ್ಳದೆ ಎಷ್ಟರಮಟ್ಟಿಗೆ ಬಾಗಬಲ್ಲುದೆಂದು ಪರಿಶೀಲಿಸಲಾಗುತ್ತದೆ. ಮಡಚಿದ ಕಡೆ ರಕ್ತದ ಹರಿವಿಗೆ ಅಡ್ಡಿಯಾಗುತ್ತದೆ.
4. ಬಾಳಿಕೆ: ನಿಮಿಷಕ್ಕೆ 72 ಬಡಿತದಂತೆ ಹೃದಯವು 10 ವರ್ಷಗಳಲ್ಲಿ ಸುಮಾರು 38 ಕೋಟಿ ಬಾರಿ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಗೋಡೆಯ ಮೇಲಿನ ಒತ್ತಡ ಏರಿಳಿಯುತ್ತದೆ.
5. ಜೈವಿಕ ಹೊಂದಾಣಿಕೆ: ರಕ್ತ ಮತ್ತು ಅಂಗಾಂಶಗಳ ಮೇಲಿನ ಪರಿಣಾಮವನ್ನು ಐಎಸ್ಒ 10993 ಸರಣಿಯ ಮಾನಕಗಳಂತೆ ಪರೀಕ್ಷಿಸಲಾಗುತ್ತದೆ.
6. ರೋಗಾಣುರಹಿತತೆ: ಹತ್ತು ಲಕ್ಷ ಸಾಧನಗಳಲ್ಲಿ ಒಂದಕ್ಕಿಂತ ಹೆಚ್ಚಿನದರಲ್ಲಿ ಜೀವಂತ ಸೂಕ್ಷ್ಮಾಣು ಉಳಿಯುವ ಸಂಭವವಿರಬಾರದೆಂಬುದು ಸಾಮಾನ್ಯವಾಗಿ ಅನುಸರಿಸುವ ಮಟ್ಟ.

ಒಂದೇ ಅಳತೆ ಏಕೆ ಸಾಲದು?

ಗೋಡೆಯಲ್ಲಿ ರಂಧ್ರಗಳಿದ್ದರೆ ಸುತ್ತಲಿನ ಅಂಗಾಂಶ ಒಳಗೆ ಬೆಳೆದು ಗ್ರಾಫ್ಟ್ ಭದ್ರವಾಗಿ ನಿಲ್ಲುತ್ತದೆ. ಅದೇ ರಂಧ್ರಗಳು ಹೆಚ್ಚಾದರೆ ಶಸ್ತ್ರಚಿಕಿತ್ಸೆಯ ವೇಳೆಯಲ್ಲಿಯೇ ರಕ್ತ ಸೋರುತ್ತದೆ. ಆದ್ದರಿಂದ ಅನೇಕ ಪಾಲಿಯೆಸ್ಟರ್ ಗ್ರಾಫ್ಟ್‌ಗಳಿಗೆ ಕೊಲಾಜನ್ ಅಥವಾ ಜಿಲೆಟಿನ್ ಲೇಪಿಸಲಾಗುತ್ತದೆ. ಒಂದು ಗುಣ ಹೆಚ್ಚಿದರೆ ಮತ್ತೊಂದು ಕುಗ್ಗುವ ಕಾರಣ, ಮಾನಕವು ಎಲ್ಲ ಗ್ರಾಫ್ಟ್‌ಗಳಿಗೂ ಒಂದೇ ಮಿತಿಯನ್ನು ಹೇರುವ ಬದಲು ಮುಖ್ಯವಾಗಿ ಅಳೆಯುವ ವಿಧಾನವನ್ನು ನಿಗದಿಪಡಿಸುತ್ತದೆ. ಉದ್ದೇಶಿತ ಬಳಕೆಗೆ ತಕ್ಕ ಮಿತಿಯನ್ನು ತಯಾರಕರು ಗೊತ್ತುಪಡಿಸಿ ಸಮರ್ಥಿಸಬೇಕು.

ಪ್ರಯೋಗಾಲಯದ ಪರೀಕ್ಷೆಗೂ ಮಿತಿಯಿದೆ. 6 ಮಿ.ಮೀ.ಗಿಂತ ಕಡಿಮೆ ವ್ಯಾಸದ ಕೃತಕ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗುವ ಸಮಸ್ಯೆ ಇನ್ನೂ ಪೂರ್ಣ ಬಗೆಹರಿದಿಲ್ಲ. ಹೃದಯದ ಬೈಪಾಸ್‌ಗೆ ರೋಗಿಯ ಸ್ವಂತ ರಕ್ತನಾಳವನ್ನೇ ಬಳಸುವುದು ಈ ಕಾರಣದಿಂದ.

ಭಾರತದಲ್ಲಿನ ಕಾನೂನು

ವೈದ್ಯಕೀಯ ಸಾಧನಗಳ ನಿಯಮಗಳು, 2017, ದಿನಾಂಕ 1-1-2018ರಿಂದ ಜಾರಿಯಲ್ಲಿವೆ. ಇವುಗಳಂತೆ ಸಾಧನಗಳನ್ನು ಅಪಾಯದ ಪ್ರಮಾಣಕ್ಕೆ ಅನುಗುಣವಾಗಿ ಎ, ಬಿ, ಸಿ ಮತ್ತು ಡಿ ಎಂದು ವರ್ಗೀಕರಿಸಲಾಗಿದೆ. ಸಿ ಮತ್ತು ಡಿ ವರ್ಗದ ಸಾಧನಗಳ ತಯಾರಿಕೆಗೆ ಕೇಂದ್ರ ಪರವಾನಗಿ ಪ್ರಾಧಿಕಾರದ ಪರವಾನಗಿ ಅಗತ್ಯ. ಸಾಧನವು ಭಾರತೀಯ ಮಾನಕ ಬ್ಯೂರೋದ ಅಥವಾ ಕೇಂದ್ರ ಆರೋಗ್ಯ ಸಚಿವಾಲಯವು ಅಧಿಸೂಚಿಸಿದ ಮಾನಕಕ್ಕೆ ಅನುಗುಣವಾಗಿರಬೇಕು. ಅಂತಹ ಮಾನಕ ಇಲ್ಲದಿದ್ದಲ್ಲಿ ಐಎಸ್ಒ ಮುಂತಾದ ಮಾನಕಗಳು, ಅವೂ ಇಲ್ಲದಿದ್ದಲ್ಲಿ ತಯಾರಕರು ದೃಢೀಕರಿಸಿದ ಮಾನಕಗಳು ಅನ್ವಯಿಸುತ್ತವೆ.

ರೋಗಿಗಳು ಮತ್ತು ಕುಟುಂಬದವರ ಗಮನಕ್ಕೆ

* ಗ್ರಾಫ್ಟ್‌ನ ಹೆಸರು, ತಯಾರಕರು, ಅಳತೆ ಮತ್ತು ಲಾಟ್ ಸಂಖ್ಯೆಯನ್ನು ಆಸ್ಪತ್ರೆಯಿಂದ ಲಿಖಿತವಾಗಿ ಪಡೆದು ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು. ಮುಂದೆ ಯಾವುದೇ ಲಾಟ್ ಅನ್ನು ಹಿಂಪಡೆದಲ್ಲಿ ತಮಗೆ ಸಂಬಂಧಿಸಿದೆಯೇ ಎಂದು ತಿಳಿಯಲು ಇದು ಆಧಾರ.
* ಜ್ವರ, ಗಾಯದಲ್ಲಿ ಕೀವು, ಊತ, ರಕ್ತಸ್ರಾವ ಅಥವಾ ಕೈಕಾಲು ತಣ್ಣಗಾಗುವುದು ಕಂಡುಬಂದಲ್ಲಿ ಕೂಡಲೇ ವೈದ್ಯರನ್ನು ಕಾಣತಕ್ಕದ್ದು.
* ಸಾಧನದಿಂದ ತೊಂದರೆಯಾಗಿದೆ ಎಂಬ ಅನುಮಾನವಿದ್ದಲ್ಲಿ, 2015ರಲ್ಲಿ ಆರಂಭವಾದ ಭಾರತದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ವರದಿ ಮಾಡಬಹುದು. ಗಾಜಿಯಾಬಾದ್‌ನ ಭಾರತೀಯ ಫಾರ್ಮಾಕೋಪಿಯಾ ಆಯೋಗವು ಇದನ್ನು ನಿರ್ವಹಿಸುತ್ತದೆ. ಶುಲ್ಕರಹಿತ ಸಹಾಯವಾಣಿ: 1800-180-3024.

ಮಾನಕಗಳ ಪರಿಷ್ಕರಣೆಗೆ ಇಂತಹ ವರದಿಗಳೂ ಆಧಾರವಾಗುವುದರಿಂದ, ಸಾರ್ವಜನಿಕರು ಅನುಮಾನವಿದ್ದಲ್ಲಿ ವರದಿ ಮಾಡಲು ಹಿಂಜರಿಯಬಾರದಾಗಿ ಕೋರಲಾಗಿದೆ.