ಹಸುರುಮನೆಯ ಮೆಣಸಿನಕಾಯಿಗೆ ತಳಿ ಮತ್ತು ಗೊಬ್ಬರಗಳ ಆಯ್ಕೆ

ಪಾಲಿಥೀನ್ ಹಾಳೆ ಹೊದಿಸಿದ ಹಸುರುಮನೆಯನ್ನು ಕಟ್ಟಿಸಲು ತಗಲುವ ವೆಚ್ಚವು ಬಯಲು ಬೇಸಾಯದ ವೆಚ್ಚಕ್ಕಿಂತ ಅನೇಕ ಪಾಲು ಹೆಚ್ಚಾದುದು. ಹೀಗಿರುವಲ್ಲಿ ಕೈಗೆ ಸಿಕ್ಕಿದ ಬೀಜವನ್ನು ಬಿತ್ತಿ, ಬಯಲಿನ ರೂಢಿಯಂತೆಯೇ ಗೊಬ್ಬರವನ್ನು ಹಾಕುವವರಿಗೆ ಸಾಲದ ಬಡ್ಡಿ ತೀರುವಷ್ಟು ಫಸಲೂ ಕೈಸೇರದೆ ಹೋಗುವ ಸಂಭವವುಂಟು.

ಮೊದಲನೆಯದಾಗಿ ತಳಿಯ ವಿಚಾರ. ಕಡುಗೆಂಪು ಬಣ್ಣಕ್ಕೂ ಅಲ್ಪವಾದ ಖಾರಕ್ಕೂ ಹೆಸರಾದ ಬ್ಯಾಡಗಿ ಮೆಣಸಿನಕಾಯಿಯು 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆದಿದೆ. ಆದರೆ ಅದು ಗಿಡದಲ್ಲಿಯೇ ಹಣ್ಣಾಗಿಸಿ, ಒಣಗಿಸಿ ಮಾರತಕ್ಕ ಬಯಲಿನ ಬೆಳೆ. ಹಸುರುಮನೆಯ ವೆಚ್ಚವು ಅದಕ್ಕೆ ಹೊಂದದು. ಇಲ್ಲಿಗೆ ಯೋಗ್ಯವಾದುದು ದೊಣ್ಣೆ ಮೆಣಸಿನಕಾಯಿ. ಅದರಲ್ಲಿಯೂ, ದಾರದ ಆಸರೆಯಿಂದ ಎತ್ತರಕ್ಕೆ ಬೆಳೆಯುತ್ತ, ತಿಂಗಳುಗಟ್ಟಲೆ ಕಾಯಿ ಬಿಡುವ ಸಂಕರ ತಳಿಗಳನ್ನೇ ಆರಿಸತಕ್ಕದ್ದು. ಗಿಡ್ಡ ತಳಿಗಳಿಂದ ಮನೆಯ ಎತ್ತರವು ವ್ಯರ್ಥವಾಗುವುದು. ಸೊರಗುರೋಗವು ಕಂಡ ನೆಲದಲ್ಲಿ ಅದನ್ನು ತಾಳುವ ತಳಿಯೇ ಬೇಕು. ಸಂಕರ ತಳಿಯ ಕಾಯಿಯಿಂದ ತೆಗೆದ ಬೀಜವು ಮೂಲಗುಣವನ್ನು ಉಳಿಸಿಕೊಳ್ಳದಾದುದರಿಂದ ಅದನ್ನು ಮರಳಿ ಬಿತ್ತಬಾರದು.

ಇನ್ನು ಗೊಬ್ಬರದ ವಿಚಾರ. ಬಯಲಿನಲ್ಲಿ ನೆಲದ ಉಪ್ಪನ್ನು ಮಳೆಯು ತೊಳೆಯುವುದು, ಹಸುರುಮನೆಯೊಳಗೆ ಮಳೆಯಿಲ್ಲ. ಒಂದೇ ಸಲ ಹಾಕಿದ ರಾಸಾಯನಿಕ ಗೊಬ್ಬರದ ಉಪ್ಪು ಬೇರಿನ ಬಳಿ ನಿಂತು, ಗಿಡವು ನೀರನ್ನು ಹೀರುವುದಕ್ಕೆ ಅಡ್ಡಿಯಾಗುವುದು. ಆದಕಾರಣ ನೀರಿನಲ್ಲಿ ಕರಗುವ ಗೊಬ್ಬರಗಳನ್ನು ಹನಿ ನೀರಾವರಿಯ ಮೂಲಕ ಸ್ವಲ್ಪಸ್ವಲ್ಪವಾಗಿ, ಹಲವು ಕಂತುಗಳಲ್ಲಿ ಒದಗಿಸತಕ್ಕದ್ದು. ಸಾರಜನಕವು ಅತಿಯಾದಲ್ಲಿ ಎಲೆ ದಟ್ಟವಾಗಿ ಕಾಯಿ ಕಡಮೆಯಾಗುವುದು. ಕಾಯಿ ಕಚ್ಚಿದ ಮೇಲೆ ಪೊಟ್ಯಾಷಿನ ಪಾಲನ್ನು ಹೆಚ್ಚಿಸಬೇಕು.

ಕಾಯಿಯ ತುದಿ ಕಪ್ಪಾಗಿ ಕೊಳೆಯುವುದನ್ನು ಕಂಡು ಅಂಟುರೋಗವೆಂದು ಔಷಧವನ್ನು ಸಿಂಪಡಿಸುವುದು ವ್ಯರ್ಥ. ಕಾಯಿಗೆ ಕ್ಯಾಲ್ಸಿಯಂ ಸಾಲದೆ ಬರುವ ವಿಕಾರವಿದು. ನೀರನ್ನು ಒಮ್ಮೆ ಹೆಚ್ಚಾಗಿಯೂ ಒಮ್ಮೆ ಕಡಮೆಯಾಗಿಯೂ ಕೊಡುವುದು, ಅಮೋನಿಯಾ ರೂಪದ ಸಾರಜನಕವನ್ನು ಅತಿಯಾಗಿ ಹಾಕುವುದು ಇದಕ್ಕೆ ಮುಖ್ಯ ಕಾರಣಗಳು. ನೀರನ್ನು ಸಮವಾಗಿ ಕೊಟ್ಟು, ಕ್ಯಾಲ್ಸಿಯಂ ನೈಟ್ರೇಟನ್ನು ಬಳಸಿದಲ್ಲಿ ಹೊಸ ಕಾಯಿಗಳು ಉಳಿಯುವುವು. ಆದರೆ ಇದರ ಗಾಢ ದ್ರಾವಣವನ್ನು ಸಲ್ಫೇಟ್ ಅಥವಾ ಫಾಸ್ಫೇಟ್ ಗೊಬ್ಬರಗಳೊಡನೆ ಒಂದೇ ತೊಟ್ಟಿಯಲ್ಲಿ ಬೆರಸಕೂಡದು. ಬೆರಸಿದರೆ ಗಸಿ ನಿಂತು ಹನಿಕೊಳವೆಗಳು ಕಟ್ಟಿಕೊಳ್ಳುವುವು.

ನಾಟಿಗೆ ಮುಂಚಿತವಾಗಿ ಮಣ್ಣನ್ನೂ ಬಾವಿಯ ನೀರನ್ನೂ ಪರೀಕ್ಷೆಮಾಡಿಸತಕ್ಕದ್ದು. ಮಣ್ಣಿನ ರಸಸಾರವು 6ರಿಂದ 7ರೊಳಗಿದ್ದರೆ ಉತ್ತಮ. ನೀರಿನಲ್ಲಿಯೇ ಉಪ್ಪು ಹೆಚ್ಚಾಗಿರುವ ಗ್ರಾಮಗಳಲ್ಲಿ, ಹಸುರುಮನೆಯ ಛಾವಣಿಯ ಮಳೆನೀರನ್ನು ಕೂಡಿಡಲು ಹೊಂಡವು ಸಿದ್ಧವಾಗುವವರೆಗೆ ಈ ಬೆಳೆಗೆ ಹಣ ತೊಡಗಿಸದಿರುವುದೇ ಮೇಲೆಂಬುದನ್ನು ಗ್ರಾಮದ ಮುಖಂಡರು ತಮ್ಮ ರೈತರಿಗೆ ತಿಳಿಯಹೇಳುವುದು ಯುಕ್ತ.