ಕಲ್ಲಿದ್ದಲನ್ನು ಹಡಗಿಗೆ ಏರಿಸುತ್ತಿದ್ದ ಮರದ ಕಟ್ಟೆ

ಸೊಲ್ಲಾಪುರ, ಅಕ್ಕಲಕೋಟ ಭಾಗದ ನಮ್ಮ ಮಕ್ಕಳು ಕಲ್ಲಿದ್ದಲು ಹೊತ್ತು ಸಾಗುವ ಗೂಡ್ಸ್ ಗಾಡಿಗಳನ್ನು ಕಂಡವರು. ಸಮುದ್ರ ದೂರವಿರುವ ನಾಡಿನ ಅವರಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ಗಾಡಿಯ ಕಲ್ಲಿದ್ದಲು ಹಡಗನ್ನು ಸೇರುವುದು ಹೇಗೆ?

ಇಂಗ್ಲೆಂಡಿನ ಟೈನ್ ನದಿಯ ದಡದಲ್ಲಿ ಇದಕ್ಕೆಂದೇ ‘ಸ್ಟೇತ್’ ಎಂಬ ಕಟ್ಟೆಗಳಿದ್ದವು. ಗೇಟ್ಸ್‌ಹೆಡ್ ಬಳಿಯ ಡನ್‌ಸ್ಟನ್‌ನಲ್ಲಿ ನಾರ್ತ್ ಈಸ್ಟರ್ನ್ ರೈಲ್ವೆ ನಿರ್ಮಿಸಿದ ಮರದ ಸ್ಟೇತ್ 1893ರಲ್ಲಿ ಆರಂಭವಾಯಿತು. ಅದರ ಉದ್ದ 526 ಮೀಟರ್. ನೀರಿನಿಂದ ಬಹು ಎತ್ತರದಲ್ಲಿ ರೈಲು ಹಳಿ. ವ್ಯಾಗನ್ನಿನ ತಳದ ಬಾಗಿಲು ತೆರೆದೊಡನೆ ಕಲ್ಲಿದ್ದಲು ಇಳಿಜಾರಿನ ಮೂಲಕ ಹಡಗಿನ ಒಡಲಿಗೆ ಜಾರುತ್ತಿತ್ತು. ಇಲ್ಲಿ ದುಡಿಯುತ್ತಿದ್ದುದು ಗುರುತ್ವಾಕರ್ಷಣೆ. ಹಡಗು ವಾಲದಂತೆ ರಾಶಿಯನ್ನು ಸಮಗೊಳಿಸಲು ಮಾತ್ರ ಕಾರ್ಮಿಕರು ಸಲಿಕೆ ಹಿಡಿಯಬೇಕಿತ್ತು.

ಈ ಸೌಕರ್ಯಕ್ಕೆ ಬೆಲೆ ತೆತ್ತವರೂ ಉಂಟು. ಮೊದಲು ‘ಕೀಲ್’ ಎಂಬ ದೋಣಿಗಳಲ್ಲಿ ಕಲ್ಲಿದ್ದಲನ್ನು ಒಯ್ದು ಹಡಗಿಗೆ ತುಂಬುತ್ತಿದ್ದ ಅಂಬಿಗರು, ಇಳಿಜಾರಿನಿಂದ ತುಂಬುವ ಪದ್ಧತಿಯ ವಿರುದ್ಧ ಡನ್‌ಸ್ಟನ್‌ಗಿಂತ ಬಹು ಮೊದಲೇ, 1822ರಲ್ಲಿ, ದೀರ್ಘ ಮುಷ್ಕರ ಹೂಡಿದ್ದರು. ಕ್ರಮೇಣ ಅವರ ಕಸುಬೇ ಅಳಿಯಿತು. ಡನ್‌ಸ್ಟನ್ ಕೂಡ 1980ರಲ್ಲಿ ಕೆಲಸ ನಿಲ್ಲಿಸಿತು. ಆದರೆ ಆ ಕಟ್ಟೆಯನ್ನು ಅಲ್ಲಿನವರು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ.

ನಮ್ಮ ಸೊಲ್ಲಾಪುರದ ದೊಡ್ಡ ಬಟ್ಟೆ ಗಿರಣಿಗಳೂ ಮುಚ್ಚಿದವು. ಅಲ್ಲಿ ದುಡಿದ ಕನ್ನಡಿಗರ ಕಸುಬಿನ ಮಾತುಗಳು ಇನ್ನೂ ಕೆಲವು ಹಿರಿಯರ ನೆನಪಿನಲ್ಲಿವೆ. ಪಾಲಕರೇ, ಮಕ್ಕಳನ್ನು ಅಜ್ಜ-ಅಜ್ಜಿಯರ ಬಳಿ ಕೂರಿಸಿರಿ. ಆ ಮಾತುಗಳನ್ನು ಕನ್ನಡದಲ್ಲಿಯೇ ಬರೆದಿಡಲು ಹೇಳಿರಿ. ಅದಕ್ಕೆ ಒಂದು ನೋಟುಪುಸ್ತಕ ಸಾಕು.